ಕಾಲಿನಲ್ಲಿ ಹರಿದ ನೀರು: ಉಡುಪಿಯ ಒಂದು ಫಿಸಿಯೋಥೆರಪಿ ಕ್ಲಿನಿಕ್‌ನಲ್ಲಿ ನಾಲ್ಕು ತಿಂಗಳು

ಕಳೆದ ಜೂನ್ ತಿಂಗಳಿನ ಒಂದು ಸಂಜೆ ಉಡುಪಿಯ ಸಿಟಿ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ, ನನ್ನ ಎಡಮೊಣಕಾಲಿನ ಕೆಳಗಿನಿಂದ ಪಾದದ ಮೇಲ್ಭಾಗದವರೆಗೆ ತಣ್ಣನೆಯ ನೀರು ಸಣ್ಣ ಧಾರೆಯಾಗಿ ಇಳಿದುಹೋದಂತಾಯಿತು. ಮಳೆ ಜೋರಾಗಿದ್ದ ದಿನವಾದ್ದರಿಂದ ಪಕ್ಕದವರ ಕೊಡೆಯಿಂದ ಸೋರಿರಬೇಕೆಂದು ಸೀರೆಯನ್ನು ತುಸು ಎತ್ತಿ ಕೈಯಿಂದ ಮುಟ್ಟಿ ನೋಡಿದೆ. ಚರ್ಮ ಒಣಗಿಯೇ ಇತ್ತು. ಕೈ ತೆಗೆದ ಮರುಕ್ಷಣವೇ ಅದೇ ದಾರಿಯಲ್ಲಿ ನೀರು ಮತ್ತೆ ಇಳಿಯಿತು. ಸೊಂಟ ನೋವು ಎಂದರೆ ನೋವು ಮಾತ್ರ ಎಂದು ತಿಳಿದಿದ್ದ ನನಗೆ, ನೋವಿಗಿಂತ ಹೆಚ್ಚಾಗಿ ಹೆದರಿಕೆ ಹುಟ್ಟಿಸಿದ್ದು ಈ ಇಲ್ಲದ ನೀರು.

ನಾನು ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುವವಳು. ಮನೆ ಶಂಕರಪುರದಲ್ಲಿ, ಅಂಗಳದ ಪಕ್ಕದಲ್ಲಿ ಅತ್ತೆಯವರು ನೆಟ್ಟು ಬೆಳೆಸಿದ ಮಲ್ಲಿಗೆ ಗಿಡಗಳಿವೆ. ಬೇಸಗೆಯಲ್ಲಿ ಮೊಗ್ಗು ಹೆಚ್ಚು, ಮದುವೆ ಮುಂಜಿಗಳೂ ಹೆಚ್ಚು. ಬೆಳಗ್ಗೆ ಬೇಗ ಎದ್ದು ಬಗ್ಗಿ ಮೊಗ್ಗು ಕೊಯ್ದು, ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ಬಾಳೆನಾರಿನಲ್ಲಿ ಕಟ್ಟಿ, ಹೂ ಮಾರುವ ಕಟ್ಟೆಗೆ ಕಳುಹಿಸಿದ ಮೇಲೆಯೇ ನಾನು ಶಾಲೆಗೆ ಹೊರಡುವುದು. ನಮ್ಮ ಕಡೆಯ ಲೆಕ್ಕದಲ್ಲಿ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಎರಡು ಚೆಂಡು ಕಟ್ಟುವುದೆಂದರೆ 1,600 ಸಲ ಕುತ್ತಿಗೆ ಬಗ್ಗಿಸಿ, ಬೆನ್ನು ಗೂನು ಮಾಡಿ ಬೆರಳು ಆಡಿಸುವುದು. ಏಪ್ರಿಲ್‌ನಲ್ಲಿ ಹಾಗೆ ಕುಳಿತವಳಿಗೆ ಒಂದು ದಿನ ಏಳಲಾಗಲಿಲ್ಲ. ಮೇ ತಿಂಗಳಿನಲ್ಲಿ ನೋವು ಎಡಪೃಷ್ಠಕ್ಕೂ ತೊಡೆಗೂ ಇಳಿಯಿತು. ಜೂನ್‌ನಲ್ಲಿ ಈ ನೀರು.

ಎಂ.ಆರ್.ಐ. ವರದಿಯಲ್ಲಿ ಸೊಂಟದ ನಾಲ್ಕನೆಯ ಮತ್ತು ಐದನೆಯ ಕಶೇರುಗಳ ನಡುವಿನ ಡಿಸ್ಕ್ ಉಬ್ಬಿದೆಯೆಂದೂ, ಅದು ಎಡಗಡೆಯ ಎಲ್5, ಅಂದರೆ ಸೊಂಟದ ಐದನೆಯ, ನರಬೇರನ್ನು ತಾಗುತ್ತಿದೆಯೆಂದೂ ಇತ್ತು. ಶಸ್ತ್ರಚಿಕಿತ್ಸೆಯ ಅಗತ್ಯ ಕಾಣುವುದಿಲ್ಲ, ಮಾತ್ರೆಯ ಜೊತೆಗೆ ಫಿಸಿಯೋಥೆರಪಿ ಮಾಡಿಸಿ ಎಂದು ಮೂಳೆ ವೈದ್ಯರು ಹೇಳಿದರು. ಹಾಗೆ ನಾನು ಎರಡು ಕ್ಲಿನಿಕ್‌ಗಳನ್ನು ಕಂಡೆ. ಎರಡರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ನನ್ನ ಒಂದು ಬೆನ್ನಿನ ಅನುಭವದಿಂದ ಯಾರ ಹೆಸರನ್ನೂ ಏರಿಸುವುದು ಇಳಿಸುವುದು ಸರಿಯಲ್ಲ. ಆದರೆ ಇಂತಹ ಸೇವೆಯಲ್ಲಿ ಯಾವುದನ್ನು ನೋಡಬೇಕು, ಯಾವುದನ್ನು ಕೇಳಿ ಪಡೆಯಬೇಕು ಎಂಬುದನ್ನು ಹೇಳಬಲ್ಲೆ. ಹಣ ತೆತ್ತು ಹೋಗುವ ನಮ್ಮಲ್ಲಿ ಹೆಚ್ಚಿನವರಿಗೆ ಅದು ಗೊತ್ತಿರುವುದಿಲ್ಲ, ನನಗೂ ಗೊತ್ತಿರಲಿಲ್ಲ.

ಮೊದಲನೆಯ ಕಡೆ ಹತ್ತು ದಿನ ಹೋದೆ. ಮಲಗಿಸಿ, ಬಿಸಿ ಪ್ಯಾಕ್ ಇಟ್ಟು, ನಾಲ್ಕು ಪ್ಯಾಡ್ ಅಂಟಿಸಿ ಕರೆಂಟ್ ಹಾಯಿಸಿ, ಬಳಿಕ ಪಟ್ಟಿ ಬಿಗಿದು ಸೊಂಟವನ್ನು ಎಳೆಯುವ ಟ್ರ್ಯಾಕ್ಷನ್ ಕೊಟ್ಟು ಕಳುಹಿಸುತ್ತಿದ್ದರು. ಯಂತ್ರದ ಗಂಟೆ ಹೊಡೆದಾಗ ಒಬ್ಬರು ಬಂದು ಬಿಚ್ಚುತ್ತಿದ್ದರು. ಮಲಗಿರುವಷ್ಟು ಹೊತ್ತು ಹಿತವಾಗಿಯೇ ಇತ್ತು, ಬಸ್ಸಿನಲ್ಲಿ ಕುಳಿತು ಕಟಪಾಡಿಗೆ ಬರುವಷ್ಟರಲ್ಲಿ ಕಾಲಿನ ಎಳೆತ ಮೊದಲಿನಂತೆಯೇ. ನೀರಿನ ವಿಷಯ ಹೇಳಿದಾಗ "ಅದೆಲ್ಲ ನರದ್ದು, ಹೋಗುತ್ತದೆ" ಎಂಬ ಒಂದೇ ಮಾತಿನಲ್ಲಿ ಮುಗಿಯಿತು. ಹತ್ತು ದಿನದಲ್ಲಿ ನನ್ನ ಕಾಲಿನ ಬೆರಳನ್ನು ಯಾರೂ ಮುಟ್ಟಲಿಲ್ಲ. ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಹೊರತಂದ ಸೊಂಟ ನೋವಿನ ಮಾರ್ಗಸೂಚಿಯು ಟ್ರ್ಯಾಕ್ಷನ್, ಅಲ್ಟ್ರಾಸೌಂಡ್, ಇಂತಹ ವಿದ್ಯುತ್ ಚಿಕಿತ್ಸೆಗಳನ್ನು ಕೊಡಬೇಡಿ ಎಂದೇ ಹೇಳುತ್ತದೆ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಎರಡನೆಯದು ಉಡುಪಿ ಪೇಟೆಯಲ್ಲೇ, ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಹಳೆಯ ಕಟ್ಟಡದ ಮಹಡಿಯ ಮೇಲಿದೆ. ಜೊತೆಯ ಅಧ್ಯಾಪಕಿಯೊಬ್ಬರು ಹೇಳಿ ಕಳುಹಿಸಿದ್ದು. ನೋಡಿಕೊಳ್ಳುವವರು ಮಣಿಪಾಲದಲ್ಲಿ ಓದಿದ ಒಬ್ಬ ತರುಣಿ ಫಿಸಿಯೋಥೆರಪಿಸ್ಟ್, ಜೊತೆಗೆ ಒಬ್ಬ ಸಹಾಯಕ. ಮೊದಲ ದಿನ ಯಾವ ಯಂತ್ರವನ್ನೂ ಮುಟ್ಟಲಿಲ್ಲ, ನಲವತ್ತೈದು ನಿಮಿಷ ಬರೀ ಕೇಳಿದರು, ನೋಡಿದರು. ಮನುಷ್ಯಾಕೃತಿಯ ಚಿತ್ರವಿದ್ದ ಒಂದು ಹಾಳೆಯನ್ನೂ ಮೂರು ಬಣ್ಣದ ಪೆನ್ನುಗಳನ್ನೂ ನನ್ನ ಮುಂದಿಟ್ಟು, "ಟೀಚರ್, ನೋವಿಗೆ ಕೆಂಪು, ಜೋಮಿಗೆ ನೀಲಿ, ಬೇರೆ ಏನೇ ವಿಚಿತ್ರ ಅನ್ನಿಸಿದರೂ ಹಸಿರು. ನೀವೇ ಬರೆಯಿರಿ" ಎಂದರು.

ನಾನು ಬರೆದೆ. ಪೃಷ್ಠದಿಂದ ತೊಡೆಯ ಹೊರಬದಿಗೆ ಕೆಂಪು. ಮೊಣಕಾಲಿನ ಕೆಳಗೆ ಹೊರಬದಿಯಿಂದ ಪಾದದ ಮೇಲೆ ಹಾದು ಹೆಬ್ಬೆರಳವರೆಗೆ ಹಸಿರು, ಅದು ನೀರಿನ ದಾರಿ. ಹೆಬ್ಬೆರಳಿಗೆ ಹತ್ತಿ ಸುತ್ತಿದಂತಿರುವ ಮಂದತನಕ್ಕೆ ನೀಲಿ. ತೊಡೆಯಲ್ಲಿ ಮೊಬೈಲ್ ನಡುಗಿದಂತೆ ಆಗಾಗ ಆಗುವ ಗುಂಯ್ ಎನ್ನುವಿಕೆಗೆ ಇನ್ನೊಂದು ಹಸಿರು ಚುಕ್ಕೆ. ಇಷ್ಟು ದಿನ ಮನೆಯವರಿಗೂ ಸರಿಯಾಗಿ ಹೇಳಲಾಗದೆ ನುಂಗಿಕೊಂಡಿದ್ದೆಲ್ಲ ಹಾಳೆಯ ಮೇಲೆ ಬಂದಿತ್ತು. ಅವರು ಅದನ್ನು ಒಂದು ಕ್ಷಣ ನೋಡಿ, ಗೋಡೆಯ ಮೇಲಿದ್ದ ದೊಡ್ಡ ಚಿತ್ರವನ್ನು ತೋರಿಸಿದರು. ಬೆನ್ನಿನ ಪ್ರತಿಯೊಂದು ನರಬೇರಿಗೂ ಚರ್ಮದ ಮೇಲೆ ತನ್ನದೇ ಆದ ಒಂದು ಸೀಮೆ ಇದೆ. ಎಲ್4ಕ್ಕೆ ಕಣಕಾಲಿನ ಒಳಬದಿ, ಎಲ್5ಕ್ಕೆ ಹೊರಬದಿ ಮತ್ತು ಪಾದದ ಮೇಲ್ಭಾಗ, ಅದರ ಕೆಳಗಿನ ಎಸ್1ಕ್ಕೆ ಪಾದದ ಹೊರ ಅಂಚು ಮತ್ತು ಕಿರುಬೆರಳು. ನನ್ನ ಹಸಿರು ಗೆರೆ ಎಲ್5ರ ಸೀಮೆಯಲ್ಲಿ ಹೆಚ್ಚುಕಡಿಮೆ ಗೀಟು ಹಾಕಿದಂತೆ ಇತ್ತು. ನಾನು ಕಲ್ಪಿಸಿಕೊಂಡದ್ದಲ್ಲ, ಎಂ.ಆರ್.ಐ. ಹೇಳಿದ ನರವೇ ಇಲ್ಲಿ ಮಾತಾಡುತ್ತಿದೆ ಎಂದು ಕಣ್ಣಾರೆ ಕಂಡಾಗ ನನಗೆ ಆದ ಸಮಾಧಾನ ಯಾವ ಮಾತ್ರೆಯಿಂದಲೂ ಆಗಿರಲಿಲ್ಲ.

ನೀರೇ ಏಕೆ ಎಂದು ಕೇಳಿದೆ. ಮನುಷ್ಯನ ಚರ್ಮದಲ್ಲಿ ಒದ್ದೆಯನ್ನು ಅರಿಯುವ ಪ್ರತ್ಯೇಕ ಗ್ರಾಹಕವೇ ಇಲ್ಲವಂತೆ. ತಂಪು ಮತ್ತು ಸ್ಪರ್ಶ ಎರಡೂ ಒಟ್ಟಿಗೆ ಬಂದಾಗ ಮಿದುಳು ಅದನ್ನು "ನೀರು" ಎಂದು ಓದಿಕೊಳ್ಳುತ್ತದೆ. ಕೆರಳಿದ ನರಬೇರು ತಾನಾಗಿಯೇ ಸಂದೇಶ ಹೊರಡಿಸತೊಡಗಿದರೆ, ಅದು ಹೊರಟಿದ್ದು ಸೊಂಟದಲ್ಲಾದರೂ ಮಿದುಳು ಅದನ್ನು ಆ ನರದ ತುದಿಯಲ್ಲಿ, ಅಂದರೆ ಕಾಲಿನಲ್ಲಿ, ಗುರುತಿಸುತ್ತದೆ. ಡಿಸ್ಕ್ ನರವನ್ನು ಒತ್ತುವುದು ಮಾತ್ರವಲ್ಲ, ಅದರ ಒಳಗಿನ ತಿರುಳಿನ ರಾಸಾಯನಿಕಗಳೂ ನರವನ್ನು ಕೆರಳಿಸಬಲ್ಲವು. ಡಿಸ್ಕ್ ಎಂದರೇನೆಂದು ವಿವರಿಸಲು ಅವರು ಬೊಂಡದ, ಅಂದರೆ ಎಳನೀರಿನ ಕಾಯಿಯ, ಉದಾಹರಣೆ ಕೊಟ್ಟರು: ಹೊರಗೆ ನಾರಿನ ಸುತ್ತು, ಒಳಗೆ ಗಂಜಿ. ಉಬ್ಬುವುದೆಂದರೆ ಸುತ್ತು ಒಡೆಯದೆ ಹೊರಕ್ಕೆ ಬಾಗುವುದು. "ಡಿಸ್ಕ್ ಜಾರಿದೆ" ಎಂದು ಊರಿನಲ್ಲಿ ಎಲ್ಲರೂ ಹೇಳುವ ಮಾತು ತಪ್ಪು ಚಿತ್ರವನ್ನು ಕೊಡುತ್ತದೆ. ಡಿಸ್ಕ್ ಎಲ್ಲಿಗೂ ಜಾರುವುದಿಲ್ಲ, ಅದು ಮೇಲಿನ ಕೆಳಗಿನ ಮೂಳೆಗಳಿಗೆ ಅಂಟಿಕೊಂಡೇ ಇರುತ್ತದೆ.

ವರದಿಯ ಬಗ್ಗೆಯೂ ಅವರು ಹೇಳಿದ ಒಂದು ವಿಷಯವನ್ನು ಇಲ್ಲಿ ಬರೆಯಲೇಬೇಕು. 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು 33 ಅಧ್ಯಯನಗಳಿಂದ ಒಟ್ಟುಗೂಡಿಸಿ ನೋಡಿದಾಗ, 20ರ ವಯಸ್ಸಿನವರಲ್ಲಿ ಶೇ. 30ರಷ್ಟು, 40ರವರಲ್ಲಿ ಶೇ. 50ರಷ್ಟು, 80ರವರಲ್ಲಿ ಶೇ. 84ರಷ್ಟು ಜನರಿಗೆ ಡಿಸ್ಕ್ ಉಬ್ಬಿತ್ತು. ನನಗೆ 44. ಹಾಗಾದರೆ ನನ್ನ ವಯಸ್ಸಿನ ನೋವಿಲ್ಲದವರಲ್ಲೇ ಅರ್ಧದಷ್ಟು ಜನ ಉಬ್ಬಿದ ಡಿಸ್ಕ್ ಇಟ್ಟುಕೊಂಡೇ ಆರಾಮವಾಗಿ ಹೊಲ ಮನೆ ನೋಡಿಕೊಳ್ಳುತ್ತಿದ್ದಾರೆ. ಉಬ್ಬು ಮಾಯವಾದರೆ ಮಾತ್ರ ನಾನು ಸರಿಹೋಗುವುದು ಎಂದು ನಂಬಿ, ಮತ್ತೊಂದು ಸ್ಕ್ಯಾನ್‌ಗೆ ಹಣ ಹೊಂದಿಸುತ್ತಿದ್ದವಳು ಅಂದು ಆ ಯೋಚನೆಯನ್ನು ಬಿಟ್ಟೆ.

ಪ್ರತಿ ಭೇಟಿಯೂ ಅಲ್ಲಿ ಒಂದೇ ರೀತಿಯಲ್ಲಿ ಆರಂಭವಾಗುತ್ತಿತ್ತು. ಅವರು ನನ್ನ ಎಡಗಾಲಿನ ಹೆಬ್ಬೆರಳ ಉಗುರಿನ ಮೇಲೆ ತಮ್ಮ ಬೆರಳಿಟ್ಟು, "ಮೇಲಕ್ಕೆತ್ತಿ, ನಾನು ಒತ್ತಿದರೂ ಬಿಡಬೇಡಿ" ಎನ್ನುತ್ತಿದ್ದರು. ಬಲಗಾಲಿನದು ಕಲ್ಲಿನಂತೆ ನಿಲ್ಲುತ್ತಿತ್ತು, ಎಡಗಾಲಿನದು ಮೊದಲ ವಾರಗಳಲ್ಲಿ ನಡುಗಿ ನಿಧಾನವಾಗಿ ಕೆಳಗಿಳಿಯುತ್ತಿತ್ತು. ಆ ನಡುಕವನ್ನು ನಾನು ಅದುವರೆಗೆ ಗಮನಿಸಿಯೇ ಇರಲಿಲ್ಲ. ಮನೆಯ ಮೆಟ್ಟಿಲಲ್ಲಿ ಎಡಗಾಲಿನ ಚಪ್ಪಲಿ ಎರಡು ಸಲ ಜಾರಿ ಬಿದ್ದಿದ್ದು ಮಳೆಯ ಕೆಸರಿನಿಂದ ಎಂದುಕೊಂಡಿದ್ದೆ. ಬಳಿಕ ಮೊಣಕಾಲು ಮಡಿಸದೆ ಕಾಲನ್ನು ಎತ್ತಿ ಎಷ್ಟು ಎತ್ತರಕ್ಕೆ ಎಳೆತ ಶುರುವಾಗುತ್ತದೆಂದು ನೋಡಿ, ಹಿಮ್ಮಡಿಯ ಹಿಂದೆ ಸಣ್ಣ ಸುತ್ತಿಗೆಯಿಂದ ತಟ್ಟಿ, ಎಲ್ಲವನ್ನೂ ಹಾಳೆಯಲ್ಲಿ ದಿನಾಂಕದೊಂದಿಗೆ ಬರೆದಿಡುತ್ತಿದ್ದರು. ಈ ಬಲ ಕಡಿಮೆಯಾಗುತ್ತಾ ಹೋದರೆ ವ್ಯಾಯಾಮ ನಿಲ್ಲಿಸಿ ನೇರವಾಗಿ ವೈದ್ಯರ ಬಳಿಗೆ ಕಳುಹಿಸುತ್ತೇನೆ ಎಂದು ಮೊದಲ ದಿನವೇ ಹೇಳಿದ್ದರು. ತನ್ನ ಕೈಯಿಂದ ಆಗದ್ದು ಯಾವುದೆಂದು ಮೊದಲೇ ಹೇಳುವವರ ಮೇಲೆ ನನಗೆ ನಂಬಿಕೆ ಬೇಗ ಬರುತ್ತದೆ.

ಇನ್ನೊಂದು ಪ್ರಶ್ನೆಯನ್ನೂ ಅವರು ತಪ್ಪದೆ ಕೇಳುತ್ತಿದ್ದರು: ಮೂತ್ರಕ್ಕೆ ಹೋಗುವಾಗ ತಡೆಯುತ್ತದೆಯೇ, ಅಥವಾ ಅರಿವಿಲ್ಲದೆ ಹೋಗುತ್ತದೆಯೇ, ಕುಳಿತರೆ ತಾಗುವ ಭಾಗ ಮರಗಟ್ಟಿದೆಯೇ ಎಂದು. ಮಿದುಳುಬಳ್ಳಿ ಸೊಂಟದ ಮೊದಲ ಎರಡು ಮೂಳೆಗಳ ಮಟ್ಟದಲ್ಲೇ ಮುಗಿಯುತ್ತದೆ; ಅಲ್ಲಿಂದ ಕೆಳಗೆ ನರಬೇರುಗಳು ಕುದುರೆಯ ಬಾಲದ ಕೂದಲಿನಂತೆ ಇಳಿಯುತ್ತವೆ. ದೊಡ್ಡ ಡಿಸ್ಕ್ ಇಡೀ ಗೊಂಚಲನ್ನೇ ಒತ್ತಿದರೆ ಈ ಲಕ್ಷಣಗಳು ಕಾಣುತ್ತವೆ, ಆಗ ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆಗೆ ಹೋಗಬೇಕು. ಇಷ್ಟು ಮುಖ್ಯವಾದ ಪ್ರಶ್ನೆಯನ್ನು ಮೊದಲನೆಯ ಕ್ಲಿನಿಕ್‌ನಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಆದರೆ ಇಲ್ಲಿಯೂ ಒಂದು ದೂರು ಇದೆ. ಮಂಚಗಳ ನಡುವೆ ಇರುವುದು ಬರೀ ಬಟ್ಟೆಯ ಪರದೆ. ಆಚೆ ಗಂಡಸರು ಕಾಯುತ್ತಾ ಕುಳಿತಿರುತ್ತಾರೆ. ನಾನು ಮೂರನೆಯ ಸಲ ತಲೆಯಾಡಿಸಿ ಮಾತ್ರ ಉತ್ತರ ಕೊಟ್ಟೆ. ನನ್ನ ಪಕ್ಕದ ಮಂಚದಲ್ಲಿ ಒಬ್ಬ ವಯಸ್ಸಾದ ಹೆಂಗಸು ಇದೇ ಪ್ರಶ್ನೆಗೆ "ಎಂತ ಇಲ್ಲ, ಎಂತ ಇಲ್ಲ" ಎಂದು ಬೇಗ ಬೇಗ ಹೇಳಿಬಿಟ್ಟರು. ಅದು ನಿಜವೋ ಸಂಕೋಚವೋ ಯಾರಿಗೆ ಗೊತ್ತು? ಈ ಪ್ರಶ್ನೆಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಹೌದು ಅಲ್ಲ ಎಂದು ಗುರುತು ಹಾಕಲು ಕೊಡಿ ಎಂದು ಹೇಳಿದೆ. ಒಪ್ಪಿಕೊಂಡಿದ್ದಾರೆ.

ಚಿಕಿತ್ಸೆಯ ತಿರುಳು ಎಂದರೆ ಬೋರಲು ಮಲಗುವುದು. ಬೇರೆ ಬೇರೆ ದಿಕ್ಕಿಗೆ ಬಗ್ಗಿಸಿ, ಯಾವ ದಿಕ್ಕಿನಲ್ಲಿ ಕಾಲಿನ ತೊಂದರೆ ಕಡಿಮೆಯಾಗುತ್ತದೆಂದು ಅವರು ಮೊದಲು ಪರೀಕ್ಷಿಸಿದರು. ನನಗೆ ಮುಂದಕ್ಕೆ ಬಗ್ಗಿದರೆ ನೀರು ಇಳಿಯುತ್ತಿತ್ತು, ಹಿಂದಕ್ಕೆ ಬಾಗಿದರೆ ನಿಲ್ಲುತ್ತಿತ್ತು. ಹಾಗಾಗಿ ಬೋರಲು ಮಲಗಿ ಮೊದಲು ಮೊಣಕೈ ಊರಿ, ಆಮೇಲೆ ಅಂಗೈ ಊರಿ, ಸೊಂಟವನ್ನು ಸಡಿಲ ಬಿಟ್ಟು ಎದೆಯನ್ನು ಮಾತ್ರ ಎತ್ತುವುದು, ಒಂದು ಸಲಕ್ಕೆ ಹತ್ತು ಬಾರಿ, ಎರಡು ಮೂರು ಗಂಟೆಗೊಮ್ಮೆ. ಶಾಲೆಯಲ್ಲಿ ಮಲಗುವಂತಿಲ್ಲ; ಅಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಲ್ಲೇ ಹಿಂದಕ್ಕೆ ಬಾಗುತ್ತಿದ್ದೆ. ಇದೇ ವ್ಯಾಯಾಮ ಎಲ್ಲರಿಗೂ ಆಗುವುದಿಲ್ಲ, ಕೆಲವರಿಗೆ ತೊಂದರೆ ಹೆಚ್ಚಾಗುತ್ತದೆ ಎಂಬ ಎಚ್ಚರಿಕೆಯನ್ನೂ ಕೊಟ್ಟಿದ್ದರು. ಆದ್ದರಿಂದ ಇದನ್ನು ಓದಿ ಯಾರೂ ಮನೆಯಲ್ಲಿ ಶುರು ಮಾಡಬಾರದೆಂದು ಕೇಳಿಕೊಳ್ಳುತ್ತೇನೆ.

ಐದನೆಯ ಭೇಟಿಯ ಮುನ್ನಾ ದಿನ ನಾನು ತೀರಾ ಹೆದರಿದ್ದೆ. ಸೊಂಟದ ನಡುವೆ ನೋವು ಒಮ್ಮೆಲೇ ಹೆಚ್ಚಾಗಿತ್ತು. ಅತ್ತೆಯವರು, "ಇದೆಂತ ಚಿಕಿತ್ಸೆ ಮಾರಾಯ್ತಿ, ಇದ್ದದ್ದೂ ಹೆಚ್ಚಾಯಿತಲ್ಲ" ಎಂದರು. ಇನ್ನು ಹೋಗುವುದು ಬೇಡವೆಂದೇ ಯೋಚಿಸಿ, ಕೊನೆಗೆ ಹೇಳಿ ಬರೋಣವೆಂದು ಹೋದೆ. ಅವರು ಮತ್ತೆ ಅದೇ ಹಾಳೆ, ಅದೇ ಪೆನ್ನುಗಳನ್ನು ಕೊಟ್ಟರು. ಬರೆಯುತ್ತಾ ಹೋದಂತೆ ನನ್ನ ಕೈ ನಿಧಾನವಾಯಿತು. ಕೆಂಪು ಸೊಂಟದಲ್ಲಿ ದಟ್ಟವಾಗಿತ್ತು ನಿಜ, ಆದರೆ ಹಸಿರು ಗೆರೆ ಮೊಣಕಾಲಿನ ಕೆಳಗೆ ಇಳಿದೇ ಇರಲಿಲ್ಲ! ಮೂರು ದಿನದಿಂದ ಪಾದದಲ್ಲಿ ನೀರು ಹರಿದಿರಲಿಲ್ಲ. ಸೊಂಟದ ನೋವಿನ ಗಲಿಬಿಲಿಯಲ್ಲಿ ನಾನು ಅದನ್ನು ಗಮನಿಸಿರಲಿಲ್ಲ. ಕಾಲಿನ ತುದಿಯಿಂದ ತೊಂದರೆ ಹಿಂದೆ ಸರಿದು ಬೆನ್ನಿನ ನಡುವೆ ಬಂದು ಸೇರುವುದು ಒಳ್ಳೆಯ ಲಕ್ಷಣ, ನಡುವಿನಿಂದ ತುದಿಗೆ ಇಳಿಯುವುದು ಕೆಟ್ಟ ಲಕ್ಷಣ ಎಂದು ಅವರು ಹೇಳಿದರು. ಇದನ್ನು ಗುರುತಿಸಿ ಒಂದು ಪದ್ಧತಿಯನ್ನಾಗಿ ಬೆಳೆಸಿದವರು ನ್ಯೂಜಿಲೆಂಡ್‌ನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ. 1956ರಲ್ಲಿ ಅವರ ವೆಲ್ಲಿಂಗ್ಟನ್ ಕ್ಲಿನಿಕ್‌ನಲ್ಲಿ, ತಲೆಯ ಕಡೆ ಎತ್ತರಿಸಿಟ್ಟಿದ್ದ ಮಂಚದ ಮೇಲೆ ರೋಗಿಯೊಬ್ಬರು ತಿಳಿಯದೆ ಬೋರಲು ಮಲಗಿಬಿಟ್ಟರು. ಬೆನ್ನು ಅಷ್ಟು ಹಿಂದಕ್ಕೆ ಬಾಗುವುದು ಅಪಾಯವೆಂದು ಆಗ ನಂಬಿಕೆ. ಮೆಕೆಂಜಿ ಗಾಬರಿಯಿಂದ ಬಂದು ಕೇಳಿದರೆ, ವಾರಗಳಿಂದ ಇದ್ದ ಕಾಲು ನೋವು ಹೋಗಿದೆ ಎಂದು ಆ ರೋಗಿ ಹೇಳಿದರಂತೆ.

ಆ ಹಾಳೆ ಇಲ್ಲದಿದ್ದರೆ ನಾನು ಗುಣವಾಗುತ್ತಿದ್ದ ಹೊತ್ತಿನಲ್ಲೇ ಚಿಕಿತ್ಸೆಯನ್ನು ಬಿಡುತ್ತಿದ್ದೆ. ಈ ಸೇವೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ಅದಕ್ಕೇ.

ಆರನೆಯ ಭೇಟಿಗೆ ಸ್ವಲ್ಪ ಮೊಗ್ಗನ್ನೂ ಬಾಳೆನಾರನ್ನೂ ತರಲು ಹೇಳಿದ್ದರು. ಮಳೆಗಾಲದಲ್ಲಿ ಹೂ ಕಡಿಮೆ. ಒಂದು ಬೊಗಸೆಯಷ್ಟು ಬಾಳೆಲೆಯಲ್ಲಿ ಸುತ್ತಿ ತೆಗೆದುಕೊಂಡು ಹೋದೆ. ನೆಲದ ಮೇಲೆ ಚಾಪೆ ಹಾಸಿ, "ಮನೆಯಲ್ಲಿ ಕಟ್ಟುವ ಹಾಗೆಯೇ ಕಟ್ಟಿ" ಎಂದು ಪಕ್ಕದಲ್ಲಿ ಕುಳಿತು ನೋಡಿದರು. ಹತ್ತು ಹನ್ನೆರಡು ಮೊಗ್ಗು ಆಗುವಷ್ಟರಲ್ಲಿ ನನ್ನ ಗಲ್ಲ ಎದೆಗೆ ತಾಗಿತ್ತು, ಸೊಂಟ ಹಿಂದಕ್ಕೆ ಗೂನಾಗಿತ್ತು. ಅವರು ನನ್ನನ್ನು ಎಬ್ಬಿಸಿ, ಎದೆಯ ಮಟ್ಟಕ್ಕಿದ್ದ ಕಪಾಟಿನ ಮೇಲೆ ಮೊಗ್ಗು ಹರಡಿ, ನಿಂತು ಕಟ್ಟಿಸಿದರು. ನಾರಿನ ತುದಿಯನ್ನು ಹಿಡಿದುಕೊಳ್ಳಲು ಕಾಲ್ಬೆರಳಿನ ಬದಲು ಕಿಟಕಿಯ ಸರಳು. ಮೊದಲು ಕೈ ಓಡಲಿಲ್ಲ; ಒಂದು ವಾರದಲ್ಲಿ ಮನೆಯ ಕಿಟಕಿಯ ಬಳಿ ನಿಂತು ಕಟ್ಟುವುದು ರೂಢಿಯಾಯಿತು. ಗುಡಿಸುವಾಗ ಬಗ್ಗಬೇಕಾಗದಂತೆ ಹಿಡಿಸೂಡಿಗೆ ಉದ್ದನೆಯ ಕೋಲು ಕಟ್ಟಿದೆವು. ತೆಂಗಿನಕಾಯಿ ಹೆರೆಯುವುದನ್ನು ಮಗ ವಹಿಸಿಕೊಂಡಿದ್ದಾನೆ.

ಸೊಂಟದ ಬೆಲ್ಟಿನ ಬಗ್ಗೆ ಹೆಚ್ಚು ಹೇಳಲು ಇಲ್ಲ. ಮೆಡಿಕಲ್‌ನಲ್ಲಿ ಒಂಬೈನೂರು ರೂಪಾಯಿ ಕೊಟ್ಟು ತಂದಿದ್ದೆ. ನಮ್ಮ ಸೆಖೆಗೆ ಅರ್ಧ ಗಂಟೆಯಲ್ಲಿ ಒಳಗೆಲ್ಲ ಬೆವರು, ಬದಿಗಳಲ್ಲಿ ತುರಿಕೆ. ಕಟ್ಟಿಕೊಂಡರೆ ಧೈರ್ಯ ಬರುತ್ತಿತ್ತು, ಗುಣ ಕಾಣಲಿಲ್ಲ. ದಿನವೂ ಕಟ್ಟುವುದನ್ನು ಬಿಡಿಸಿದ್ದು ಈ ಫಿಸಿಯೋಥೆರಪಿಸ್ಟರೇ. ವೈದ್ಯರು ನರದ ನೋವಿಗೆ ಕೊಟ್ಟಿದ್ದ ಪ್ರಿಗ್ಯಾಬಲಿನ್ ಮಾತ್ರೆಯಿಂದ ಮೊದಲ ಪೀರಿಯಡ್‌ನಲ್ಲಿ ತೂಕಡಿಕೆ ಬರುತ್ತಿತ್ತು. ಅದನ್ನು ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಿ ಆಗಸ್ಟ್‌ನಲ್ಲಿ ನಿಲ್ಲಿಸಿದೆ.

ಕೊರತೆಗಳು ಇನ್ನೂ ಇವೆ. ಸೊಂಟ ಹಿಡಿದವರು ಬರುವ ಜಾಗಕ್ಕೆ ಇಪ್ಪತ್ತೆರಡು ಮೆಟ್ಟಿಲು, ಲಿಫ್ಟ್ ಇಲ್ಲ. ಸೋಮವಾರ ಸಂಜೆ ಒಂದು ಗಂಟೆಯಾದರೂ ಕಾಯಬೇಕು, ಕಾಯುವಲ್ಲಿ ಇರುವುದು ಬಾಗಿದ ಪ್ಲಾಸ್ಟಿಕ್ ಕುರ್ಚಿಗಳು. ನಾನು ಗೋಡೆಗೆ ಒರಗಿ ನಿಂತೇ ಕಾಯುತ್ತಿದ್ದೆ. ಮನೆಯಲ್ಲಿ ಮಾಡಬೇಕಾದ ವ್ಯಾಯಾಮದ ಹಾಳೆ ಇಂಗ್ಲಿಷಿನಲ್ಲಿದೆ. ನರವನ್ನು ಮೆಲ್ಲಗೆ ಜಾರಿಸುವ ಒಂದು ವ್ಯಾಯಾಮದಲ್ಲಿ, ಕಾಲು ನೀಡುವಾಗ ತಲೆ ಎತ್ತಬೇಕೆಂಬುದನ್ನು ನಾನೇ ತಿರುಗಾಮುರುಗಾ ಓದಿಕೊಂಡು, ತಲೆ ಬಗ್ಗಿಸಿ ಇಪ್ಪತ್ತು ಸಲ ಮಾಡಿ, ಎರಡು ದಿನ ತೊಡೆಯಲ್ಲಿ ಗುಂಯ್ ಎನ್ನುವುದನ್ನು ಅನುಭವಿಸಿದೆ. ಓದು ಬಾರದ ಹಿರಿಯರು ಅದನ್ನು ಹೇಗೆ ಮಾಡುತ್ತಾರೋ! ಆ ಹಾಳೆಯನ್ನು ಕನ್ನಡಕ್ಕೆ ತಂದು, ಎತ್ತು, ಇಳಿಸು, ನಿಲ್ಲಿಸು ಎಂಬಂತಹ ಸಣ್ಣ ಮಾತುಗಳಲ್ಲಿ ಬರೆದು ಒಂದು ಪ್ರತಿ ಕೊಟ್ಟು ಬಂದಿದ್ದೇನೆ.

ಮೊದಲ ಭೇಟಿಗೆ 600 ರೂಪಾಯಿ, ಬಳಿಕ ಪ್ರತಿ ಸಲ 400. ಮೊದಲು ವಾರಕ್ಕೆ ಎರಡು ಸಲ, ಆಮೇಲೆ ವಾರಕ್ಕೊಮ್ಮೆ, ಕೊನೆಗೆ ತಿಂಗಳಿಗೊಮ್ಮೆ; ಜುಲೈಯಿಂದ ಅಕ್ಟೋಬರ್‌ವರೆಗೆ ಒಟ್ಟು ಹದಿನಾಲ್ಕು ಭೇಟಿಗಳು, 5,800 ರೂಪಾಯಿ. ಒಟ್ಟಿಗೆ ಪ್ಯಾಕೇಜ್ ಕಟ್ಟಿಸಿಕೊಳ್ಳುವುದಿಲ್ಲ, ಬಂದ ದಿನದ್ದು ಮಾತ್ರ ತೆಗೆದುಕೊಳ್ಳುತ್ತಾರೆ.

ಈಗ ಕಾಲು ನೋವು ಇಲ್ಲ. ಎಡಹೆಬ್ಬೆರಳು ಅವರ ಬೆರಳಿನ ಒತ್ತಡಕ್ಕೆ ನಡುಗದೆ ನಿಲ್ಲುತ್ತದೆ. ಹತ್ತಿ ಸುತ್ತಿದಂತಿರುವ ಮಂದತನ ಪೂರ್ತಿ ಹೋಗಿಲ್ಲ. ಸ್ಪರ್ಶ ಮರಳಲು ನೋವಿಗಿಂತ ಹೆಚ್ಚು ಕಾಲ ಬೇಕಾಗುತ್ತದೆ ಎಂದಿದ್ದಾರೆ. ಮಂಗಳೂರಿಗೆ ಹೋಗಿ ಬಂದ ದಿನ, ಬಸ್ಸಿನಲ್ಲಿ ಹೆಚ್ಚು ಹೊತ್ತು ಕುಳಿತಿದ್ದರೆ, ರಾತ್ರಿ ಮಲಗುವ ಹೊತ್ತಿಗೆ ಮೊಣಕಾಲಿನ ಬಳಿ ಒಂದೆರಡು ಹನಿ ಇಳಿದಂತಾಗುತ್ತದೆ. ಮುಟ್ಟಿ ನೋಡುವುದಿಲ್ಲ, ಬೋರಲು ಮಲಗಿ ಹತ್ತು ಸಲ ಎದೆ ಎತ್ತುತ್ತೇನೆ, ನಿಲ್ಲುತ್ತದೆ. ಫೆಬ್ರವರಿಯ ಕೊನೆಯಲ್ಲಿ, ಮಲ್ಲಿಗೆಯ ಇಳುವರಿ ಏರುವ ಮೊದಲು, ಒಮ್ಮೆ ಬಂದು ಬೆರಳಿನ ಬಲ ತೋರಿಸಿ ಹೋಗಿ ಎಂದು ಹೇಳಿದ್ದಾರೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ.